ಕಣಿವೆಯ ಟೆಂಟಿನಿಂದ ಹ್ಯಾಮ್ ರೇಡಿಯೊ

ಸಕಲೇಶಪುರದ ಕಡೆ ಯಾವುದೋ ಕಣಿವೆಯಲ್ಲಿ ಟೆಂಟ್ ಹಾಕಿದ್ದೀರಿ ಎನ್ನಿ. ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ಸೆಟ್ಟು ಅಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು. ಅದರ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ. ಗುಡ್ಡ ಅಡ್ಡ ಬಂದರೆ ಮುಗಿಯಿತು. ಬೆಂಗಳೂರಿನ ಹ್ಯಾಮ್ (ಹವ್ಯಾಸಿ ರೇಡಿಯೊ) ಗೆಳೆಯರೊಡನೆ ಮಾತಾಡಲು 40 ಮೀಟರ್ ಬ್ಯಾಂಡೇ ಬೇಕು, ಅಂದರೆ 7.0ರಿಂದ 7.2 ಮೆಗಾಹರ್ಟ್ಸ್.

ಇದಕ್ಕೆ ಬೇಕಾದ ಡೈಪೋಲ್ ಆಂಟೆನಾ ಎಂದರೆ ಎರಡು ತಂತಿ, ಒಂದೊಂದೂ ಸುಮಾರು 10 ಮೀಟರ್. ನಡುವೆ ಕೋಆಕ್ಸ್ ಕೇಬಲ್. ನೈಲಾನ್ ಹುರಿಯ ತುದಿಗೆ ಸಣ್ಣ ಕಲ್ಲು ಕಟ್ಟಿ, ಕೆಳಗೆ ಯಾರೂ ಇಲ್ಲವೆಂದು ನೋಡಿಕೊಂಡು, ಕೊಂಬೆಯ ಮೇಲೆ ಎಸೆಯಿರಿ. ಆ ಹುರಿಯಿಂದ ತಂತಿಯ ನಡುಭಾಗವನ್ನು ಐದಾರು ಮೀಟರ್ ಎತ್ತರಕ್ಕೆ ಎಳೆದು, ಎರಡು ತುದಿಗಳನ್ನೂ ಇಳಿಜಾರಾಗಿ ಕಟ್ಟಿದರೆ ಸಾಕು. ಎತ್ತರ ಸಾಲದೆಂದು ಚಿಂತೆ ಬೇಡ. ಇಷ್ಟು ತಗ್ಗಿನ ತಂತಿ ಶಕ್ತಿಯ ಬಹುಪಾಲನ್ನು ನೆತ್ತಿಯ ಮೇಲಕ್ಕೇ ಕಳಿಸುತ್ತದೆ. ಸುಮಾರು 300 ಕಿ.ಮೀ. ಮೇಲಿನ ಅಯಾನುಗೋಳ ಅದನ್ನು ಕಾರಂಜಿಯ ನೀರಿನಂತೆ ಸುತ್ತಲೂ ಕೆಳಕ್ಕೆ ಬಗ್ಗಿಸುತ್ತದೆ. ಗುಡ್ಡಗಳು ದಾರಿಗೆ ಅಡ್ಡ ಬರುವುದೇ ಇಲ್ಲ. ಕಣಿವೆಯಲ್ಲಿ ಕೂತವರಿಗೆ ಇದಕ್ಕಿಂತ ದೊಡ್ಡ ವರವಿಲ್ಲ!

ಮಾತಿಗೆ ಮುಂಚೆ ಎಸ್‌ಡಬ್ಲ್ಯೂಆರ್, ಅಂದರೆ ಆಂಟೆನಾ ಸೆಟ್ಟಿಗೆ ಎಷ್ಟು ಹೊಂದಿದೆ ಎಂಬ ಅಳತೆ, ನೋಡಿ. ಅದು ಬೇಕಾದ ಫ್ರೀಕ್ವೆನ್ಸಿಗಿಂತ ಕೆಳಗೆ ಕನಿಷ್ಠ ಇದ್ದರೆ ತಂತಿ ಉದ್ದವಾಗಿದೆ ಎಂದರ್ಥ. ಕತ್ತರಿಸಲು ಹೋಗಬೇಡಿ, ಎರಡೂ ತುದಿಗಳನ್ನು ಸಮನಾಗಿ ಒಂದು ಗೇಣು ಹಿಂದಕ್ಕೆ ಮಡಚಿ ಸುತ್ತಿ, ಮತ್ತೆ ನೋಡಿ. ಪ್ರಸಾರದ ವೇಳೆ ತುದಿಗಳಲ್ಲಿ ವೋಲ್ಟೇಜ್ ಹೆಚ್ಚಿರುತ್ತದೆ, ಮಕ್ಕಳ ಕೈಗೆಟುಕದಂತೆ ಕಟ್ಟಿ.

5 ವಾಟ್‌ನ ಸೆಟ್ಟು ಕೇಳುವಾಗ ಅರ್ಧ ಆಂಪಿಯರ್‌ಗೂ ಕಡಿಮೆ, ಮಾತಾಡುವಾಗ ಸುಮಾರು 2 ಆಂಪಿಯರ್ ಎಳೆಯುತ್ತದೆ. 12 ವೋಲ್ಟ್, 6 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿ ಇದ್ದರೆ, ಹೆಚ್ಚು ಕೇಳಿ ಕಡಿಮೆ ಮಾತಾಡುವವರಿಗೆ ಒಂದು ಹಗಲು ಧಾರಾಳ.

ಬೆಳಗಿನ ತಿಂಡಿಯ ಹೊತ್ತು ಸಾಮಾನ್ಯವಾಗಿ ಅನುಕೂಲ. ರಾತ್ರಿ ಏರಿದಂತೆ ಅಯಾನುಗೋಳ ತೆಳುವಾಗಿ ಹತ್ತಿರದ ಊರುಗಳು ಮರೆಯಾಗಬಹುದು, ದೂರದವರು ಕೇಳತೊಡಗುತ್ತಾರೆ. ಏಪ್ರಿಲ್-ಮೇ ಮಧ್ಯಾಹ್ನಗಳಲ್ಲಿ ಸಿಡಿಲಿನ ಚಟಪಟ ಸದ್ದೇ ಬ್ಯಾಂಡನ್ನು ತುಂಬಿಕೊಳ್ಳುತ್ತದೆ.

ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯದೆ ಮೈಕ್ ಒತ್ತುವಂತಿಲ್ಲ. ಮನೆಯಾಚೆ ಬಳಸುವ ಬಗ್ಗೆ ಲೈಸೆನ್ಸಿನ ಷರತ್ತುಗಳನ್ನು ಹೊರಡುವ ಮುಂಚೆಯೇ ಓದಿಕೊಳ್ಳಿ, ಲೈಸೆನ್ಸಿನ ಒಂದು ಪ್ರತಿ ಜೊತೆಗಿರಲಿ. ದೂರದಲ್ಲಿ ಗುಡುಗು ಕೇಳಿದರೂ ಸಂಪರ್ಕ ಅರ್ಧಕ್ಕೇ ಬಿಡಿ, ಕೇಬಲ್ ಕಳಚಿ ತಂತಿಯಿಂದ ದೂರ ಸರಿಯಿರಿ.