ಬಾಡಿಗೆ ವಿಳಾಸ, ಕಾಯಂ ವಿಳಾಸ

ನಾನು ಲೆಕ್ಕ ಬರೆಯುವ ಅಂಗಡಿಯ ಕಂಪ್ಯೂಟರಿಗೆ ಮನೆಯಿಂದಲೇ ಸಂಪರ್ಕ ಜೋಡಿಸಿಕೊಂಡಿದ್ದೆ. ಒಂದು ದಿನ ಅಂಗಡಿಯಲ್ಲಿ ಕರೆಂಟು ಹೋಗಿ ಬಂತು. ಆಮೇಲೆ ಸಂಪರ್ಕವೇ ಇಲ್ಲ! ಶೇಠ್ ನನ್ನ ಮೇಲೆ ರೇಗಿದರು. ಪಗಾರಕ್ಕೇ ಕುತ್ತು ಬಂತಲ್ಲಾ ಅಂದುಕೊಂಡೆ. ನೋಡಿದರೆ ಅಂಗಡಿಯ ಐಪಿ ವಿಳಾಸವೇ ಬದಲಾಗಿತ್ತು.

ಹಳೆಯ ಐಪಿವಿ4 ಪದ್ಧತಿಯಲ್ಲಿ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಹಂಚಲು ಉಳಿದಿದ್ದ ಜಾಗತಿಕ ದಾಸ್ತಾನು 2011ರಲ್ಲೇ ಖಾಲಿ. ಅದಕ್ಕೇ ಇಂಟರ್‌ನೆಟ್ ಕಂಪನಿಗಳು ವಿಳಾಸವನ್ನು ಲೀಸಿಗೆ ಕೊಡುತ್ತವೆ. ರೌಟರ್ ಆರಿಸಿ ಹಾಕಿದರೆ ಬೇರೆಯದು ಸಿಗಬಹುದು. ಇದೇ ಡೈನಾಮಿಕ್. ಮುಂಬಯಿಯಲ್ಲಿ ಖೋಲಿ ಬದಲಿಸುವ ನಮ್ಮ ಹಾಗೆ! ಖೋಲಿ ಯಾವುದಾದರೂ ನಾವು ಹೊರಗೆ ಹೋಗಿ ಬರೋದಕ್ಕೆ ಅಡ್ಡಿಯಿಲ್ಲ. ಆದರೆ ನಮ್ಮನ್ನು ಹುಡುಕಿಕೊಂಡು ಬರುವವರಿಗೆ ಕಾಯಂ ವಿಳಾಸ, ಅಂದರೆ ಸ್ಟಾಟಿಕ್, ಇದ್ದರೇ ಅನುಕೂಲ. ಅದಕ್ಕೆ ಸಾಮಾನ್ಯವಾಗಿ ಬೇರೆ ದುಡ್ಡು ಕೊಡಬೇಕು.

ಆ ಖರ್ಚನ್ನು ಯಾವ ಖಾತೆಗೆ ಬರೀತೀಯ ಅಂತ ಶೇಠ್ ಈಗ ನನ್ನನ್ನೇ ಕೇಳ್ತಿದ್ದಾರೆ.