ಗಡ್ಡೆ ಮುಟ್ಟಿದರೆ ಏರುವ ಬಿಪಿ, ರಕ್ತನಾಳ ಕಟ್ಟಿದರೆ ಕುಸಿಯುವ ಬಿಪಿ

1926ರಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿ ಡಾ. ಚಾರ್ಲ್ಸ್ ಮೇಯೊ ಒಬ್ಬ ಕ್ರೈಸ್ತ ಸನ್ಯಾಸಿನಿಯ ಹೊಟ್ಟೆ ತೆರೆದರು. ಆಕೆಯ ಬಿಪಿ ಆಗಾಗ ದಿಢೀರನೆ ಏರುತ್ತಿತ್ತು, ಕಾರಣ ಗೊತ್ತಿರಲಿಲ್ಲ. ಒಳಗೆ ಸಿಕ್ಕಿದ್ದು ಒಂದು ಗಡ್ಡೆ. ಅದನ್ನು ತೆಗೆದರು, ಆಕೆ ಬದುಕಿದರು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಸೀಸರ್ ರೂ ಕೂಡ ಇಂಥದ್ದೇ ಗಡ್ಡೆ ತೆಗೆದು ಗೆದ್ದಿದ್ದರು.

ಗಡ್ಡೆಯ ಹೆಸರು ಫಿಯೋಕ್ರೋಮೋಸೈಟೋಮಾ. ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯ ಒಳತಿರುಳಿನಲ್ಲಿ ಬೆಳೆದು, ಅಡ್ರಿನಲಿನ್, ನಾರ್‌ಅಡ್ರಿನಲಿನ್ ಹಾರ್ಮೋನುಗಳನ್ನು ಮಿತಿಮೀರಿ ರಕ್ತಕ್ಕೆ ಸುರಿಯುತ್ತದೆ. ತಲೆನೋವು, ಬೆವರು, ಎದೆಬಡಿತ ಇದರ ಮೂರು ಮುಖ್ಯ ಲಕ್ಷಣಗಳು.

ಈ ಗಡ್ಡೆ ತೆಗೆಯುವಾಗ ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ತಜ್ಞರು ಮಣಿಕಟ್ಟಿನ ಅಪಧಮನಿಗೆ ಸಣ್ಣ ನಳಿಕೆ ಹಾಕಿ ಪ್ರತಿ ಬಡಿತದ ಬಿಪಿಯನ್ನೂ ನೋಡುತ್ತಿರುತ್ತಾರೆ. ಕೀಹೋಲ್ ಶಸ್ತ್ರಚಿಕಿತ್ಸೆಗೆಂದು ಹೊಟ್ಟೆಗೆ ಗ್ಯಾಸ್ ತುಂಬಿದಾಗ, ಗಡ್ಡೆಯನ್ನು ಸ್ವಲ್ಪ ಅಲುಗಿಸಿದಾಗ ಮೇಲಿನ ಅಂಕಿ 200 ದಾಟಬಹುದು. ಆಗ ಬಿಪಿ ಇಳಿಸುವ ನೈಟ್ರೋಪ್ರಸೈಡ್‌ನಂಥ ಔಷಧದ ಡ್ರಿಪ್. ಗಡ್ಡೆಯಿಂದ ಹೊರಡುವ ಅಭಿಧಮನಿಯನ್ನು ಕಟ್ಟಿದೊಡನೆ ಆಟ ತಿರುಗುತ್ತದೆ. ಹಾರ್ಮೋನು ಬರುವುದು ನಿಂತು ಬಿಪಿ ಕುಸಿಯುತ್ತದೆ. ಆಗ ದ್ರವದ ಜೊತೆಗೆ, ಗಡ್ಡೆ ಸುರಿಸುತ್ತಿದ್ದ ನಾರ್‌ಅಡ್ರಿನಲಿನ್ನನ್ನೇ ಹನಿಹನಿಯಾಗಿ ಕೊಡಬೇಕಾಗಬಹುದು!

ಈ ಏರಿಳಿತವನ್ನು ಪಳಗಿಸುವ ಕೆಲಸ ಒಂದೆರಡು ವಾರ ಮೊದಲೇ ಶುರುವಾಗುತ್ತದೆ. ಪ್ರಜೋಸಿನ್‌ನಂಥ ಆಲ್ಫಾ ಬ್ಲಾಕರ್ ಮಾತ್ರೆ ಬಿಗಿದ ರಕ್ತನಾಳಗಳನ್ನು ಸಡಿಲಿಸುತ್ತದೆ. ಮೂಗು ಕಟ್ಟಿದರೆ, ಎದ್ದು ನಿಂತಾಗ ಬಿಪಿ ತುಸು ಇಳಿದರೆ ಮದ್ದು ಹತ್ತಿದೆ ಎಂದರ್ಥ. ಅಷ್ಟು ದಿನ ಉಪ್ಪು ಬಿಡಿ ಎಂದು ಕೇಳಿಸಿಕೊಂಡ ರೋಗಿಗೆ ಈಗ ಉಪ್ಪು, ನೀರು ಎರಡನ್ನೂ ಹೆಚ್ಚಿಸಲು ಹೇಳುತ್ತಾರೆ. ಕುಗ್ಗಿದ ರಕ್ತದ ಪ್ರಮಾಣ ತುಂಬಬೇಕಲ್ಲ. ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರ ಆಲ್ಫಾ ಬ್ಲಾಕರ್ ಕೆಲಸ ಮಾಡಿದ ಮೇಲೆಯೇ. ಮೊದಲೇ ಕೊಟ್ಟರೆ ಬಿಪಿ ಇನ್ನಷ್ಟು ಜಿಗಿಯುವ ಅಪಾಯವಿದೆ.

ಇದೇ ಅಡ್ರಿನಲ್ ಗ್ರಂಥಿಯ ಇನ್ನೊಂದು ಕಾಯಿಲೆ, 1955ರಲ್ಲಿ ವೈದ್ಯ ಜೆರೋಮ್ ಕಾನ್ ವಿವರಿಸಿದ್ದು, ಅದರ ಗುಣವೇ ಬೇರೆ. ಅಲ್ಲಿ ಗಡ್ಡೆಯಿಂದ ಹೆಚ್ಚುವುದು ಅಲ್ಡೋಸ್ಟಿರೋನ್ ಎಂಬ ಹಾರ್ಮೋನು. ಅದು ಉಪ್ಪನ್ನು ಹಿಡಿದಿಟ್ಟು ಪೊಟ್ಯಾಸಿಯಂ ಕಳೆಯುತ್ತದೆ. ಗ್ರಂಥಿ ತೆಗೆಯುವಾಗ ಸಾಮಾನ್ಯವಾಗಿ ಬಿಪಿಯ ಬಿರುಗಾಳಿಯಿಲ್ಲ. ಬಿಪಿ ದಿನ, ವಾರಗಳಲ್ಲಿ ಇಳಿಯುತ್ತದೆ. ಆದರೆ ಆ ಗಡ್ಡೆಯನ್ನು ಸೂಜಿಯ ಶಾಖದಿಂದ ಸುಡುವಾಗ ಪಕ್ಕದ ಆರೋಗ್ಯವಂತ ಒಳತಿರುಳಿಗೂ ಬಿಸಿ ತಟ್ಟಿದರೆ ಅಡ್ರಿನಲಿನ್ ಚಿಮ್ಮಿ ಬಿಪಿ ಗಕ್ಕನೆ ಏರಬಹುದು.

ಸ್ಕ್ಯಾನ್‌ನಲ್ಲಿ ಅಡ್ರಿನಲ್ ಗಡ್ಡೆ ಕಂಡವರು, ಹಲವು ಮಾತ್ರೆಗಳಿಗೂ ಬಿಪಿ ಬಗ್ಗದವರು ಹಾರ್ಮೋನು ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಗಡ್ಡೆಗೆ ಸೂಜಿ ಅಥವಾ ಕತ್ತರಿ ತಾಗುವ ಮೊದಲೇ ಆ ವರದಿ ಕೈಯಲ್ಲಿರಲಿ.