ಅಂತರ್‌ಶಿಸ್ತೀಯ ಸಂವಾದ ಮತ್ತು ಜಾನಪದ: ಹೈಡೆಲ್‌ಬರ್ಗ್‌ನ ನಿದರ್ಶನ

ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ 1962ರಲ್ಲಿ ಸ್ಥಾಪನೆಗೊಂಡ ದಕ್ಷಿಣ ಏಷ್ಯಾ ಸಂಸ್ಥೆಯು ಭಾಷೆ, ಇತಿಹಾಸ, ಭೂಗೋಳ, ಮಾನವಶಾಸ್ತ್ರ, ಅರ್ಥಶಾಸ್ತ್ರ ಮೊದಲಾದ ಶಿಸ್ತುಗಳನ್ನು ಒಂದೆಡೆ ತಂದಿತು. ಹಿಂದೂ ಕಾನೂನಿನ ವಿದ್ವಾಂಸರಾಗಿದ್ದ ಗುಂಥರ್ ಸೊಂಥೈಮರ್ (1934-1992) ಅವರು ಪಶುಪಾಲಕರ ದೈವಗಳನ್ನು ಅಧ್ಯಯನ ಮಾಡಿದ್ದು ಇದೇ ಸಂಸ್ಥೆಯಲ್ಲಿದ್ದು. ಬಿರೋಬಾ, ಮ್ಹಸ್ಕೋಬಾ, ಖಂಡೋಬಾರನ್ನು ಕುರಿತ ಅವರ ಜರ್ಮನ್ ಗ್ರಂಥ 1976ರಲ್ಲಿ ಪ್ರಕಟವಾಯಿತು. ಧನಗರರ ಮೌಖಿಕ ಕಥನಗಳನ್ನು ಅವರ ವಲಸೆಯ ದಾರಿ ಹಾಗೂ ನೆಲದ ಸ್ವರೂಪದೊಂದಿಗೆ ಇರಿಸಿ ನೋಡುವುದು ಅದರ ವಿಧಾನ. ಖಂಡೋಬಾನ ಕನ್ನಡ ರೂಪವಾದ ಮೈಲಾರನ ಅಧ್ಯಯನಕ್ಕೂ ಇದು ಪ್ರಸ್ತುತ.

ಸಾರ್ವಜನಿಕ ಉಪನ್ಯಾಸದ ಮಹತ್ವವನ್ನು ಈ ಹಿನ್ನೆಲೆಯಲ್ಲಿ ಗ್ರಹಿಸಬೇಕು. ಅಲ್ಲಿ ಇತಿಹಾಸಕಾರರು ಕಥನದ ಕಾಲವನ್ನು, ಭೂಗೋಳಜ್ಞರು ಅದರ ನೆಲೆಯನ್ನು ಪ್ರಶ್ನಿಸುತ್ತಾರೆ. ಇಂತಹ ಪ್ರಶ್ನೆಗಳು ಎದುರಾಗದಿದ್ದರೆ ಜಾನಪದ ಅಧ್ಯಯನವು ಸಂಗ್ರಹದ ಹಂತದಲ್ಲಿಯೇ ಉಳಿಯುವ ಅಪಾಯವಿದೆ.